ನಮ್ಮತ್ತೆ ಬೇರೆಯಾದ ಒಂಬತ್ತು ದಿನ

ಮಾನ್ಯಾ, ಚಿರಂತಾ, ನಿಮ್ಮ ಮುತ್ತಜ್ಜಿ, ಅಂದರೆ ನಮ್ಮತ್ತೆ, ಮದ್ದೂರಿನಿಂದ ಮಳವಳ್ಳಿಯವರೆಗೆ ಇರುವ ಎಲ್ಲ ಬ್ಯಾಂಕುಗಳಿಗಿಂತ ದೊಡ್ಡ ಬ್ಯಾಂಕು! ಬ್ಯಾಂಕಿಗೆ ಭಾನುವಾರ ರಜ ಉಂಟು, ನಮ್ಮತ್ತೆಗೆ ಇರಲಿಲ್ಲ. ಬ್ಯಾಂಕಿನಲ್ಲಿ ನಮ್ಮ ದುಡ್ಡು ಕೇಳಿದರೆ ನಮ್ಮ ದುಡ್ಡು ಕೊಡುತ್ತಾರೆ. ನಮ್ಮತ್ತೆಯನ್ನು ಕೇಳಿದರೆ ಮೊದಲು ಬೈಗುಳ, ಆಮೇಲೆ ಅರ್ಧ ದುಡ್ಡು, ಉಳಿದರ್ಧಕ್ಕೆ ಇನ್ನೊಂದು ಸಲ ಬೈಗುಳ!

ನಾನು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ಬಾರದವಳು. ಅಂಗಡಿಯಲ್ಲಿ ನನ್ನ ಹಿಂದೆ ಯಾರಾದರೂ ಬಂದು ನಿಂತರೆ ಉಪ್ಪು ಕೇಳುವುದನ್ನೂ ಮರೆತು ವಾಪಸ್ಸು ಬರುತ್ತಿದ್ದೆ. ಹೇಳಲಾಗದ್ದನ್ನು ಬರೆಯಬಹುದೇನೋ ಅಂತ ನಿಮ್ಮ ಹಳೇ ನೋಟುಬುಕ್ಕಿನ ಹಾಳೆ ಕಿತ್ತುಕೊಂಡು ಕುಳಿತಿದ್ದೇನೆ. ಇದರಲ್ಲಿ ನಗುವಂಥದ್ದು ಬಹಳ ಇದೆ, ನಗಿ. ಆದರೆ ಒಂದು ಕಡೆ ನಾನು ತಲೆ ತಗ್ಗಿಸುವ ಮಾತು ಬರುತ್ತದೆ. ಅಲ್ಲಿ ಪುಟ ಹಾರಿಸಬೇಡಿ.

ಆಗ ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು, ಎಂಟು ಜನ, ಒಂದು ಒಲೆ. ಅತ್ತೆ, ನಾನು, ನನ್ನ ಮೈದುನ ಅಂದರೆ ನಿಮ್ಮ ಚಿಕ್ಕತಾತ, ಅವನ ಹೆಂಡತಿ ಚಿಕ್ಕಜ್ಜಿ, ನಿಮ್ಮ ಅಪ್ಪ, ಅಮ್ಮ, ಆಮೇಲೆ ನೀವಿಬ್ಬರು. ನಿಮ್ಮ ತಾತ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಚಿಕ್ಕತಾತನಿಗೆ ಬರುವ ಕಬ್ಬಿನ ದುಡ್ಡು, ಡೈರಿಯ ಹಾಲಿನ ದುಡ್ಡು, ನಿಮ್ಮಪ್ಪ ಮದ್ದೂರಿನ ಗಾರ್ಮೆಂಟ್ಸಿನಿಂದ ತರುವ ಸಂಬಳ, ಕೊನೆಗೆ ನಾನು ಮಾರಿದ ಮೊಟ್ಟೆಯ ದುಡ್ಡು ಕೂಡ ಸಂಜೆಯೊಳಗೆ ಅತ್ತೆಯ ಕೈ ಸೇರಬೇಕು. ಅವರಿಗೋ ಓದು ಬರಹ ಇಲ್ಲ. ಮತ್ತೆ ಲೆಕ್ಕ ಇಡುವುದು ಹೇಗೆ?

ಸಂಚಿಗಳಲ್ಲಿ! ಒಂದೊಂದು ದುಡ್ಡಿಗೆ ಒಂದೊಂದು ಬಟ್ಟೆಯ ಸಂಚಿ. ಕಬ್ಬಿನ ದುಡ್ಡಿಗೆ ಗೋಣಿ ತಾಟಿನದು. ಹಾಲಿನ ದುಡ್ಡಿಗೆ ಮಾವನವರ ಬಿಳಿ ಪಂಚೆಯದು. ಮೊಟ್ಟೆಯ ದುಡ್ಡಿಗೆ ಹಳೇ ದಿಂಬಿನ ಚೀಲದ್ದು. ನಿಮ್ಮಪ್ಪನ ಸಂಬಳಕ್ಕೆ ಅವನು ಮೂರನೇ ಕ್ಲಾಸಿನಲ್ಲಿ ಹಾಕುತ್ತಿದ್ದ ನೀಲಿ ಚಡ್ಡಿಯದು. ಫ್ಯಾಕ್ಟರಿಯಲ್ಲಿ ಅಷ್ಟೊಂದು ಜನರನ್ನು ಗದರಿಸುವ ಸೂಪರ್‌ವೈಸರು, ಅವನ ಸಂಬಳ ಮಾತ್ರ ಇನ್ನೂ ಚಡ್ಡಿಯೊಳಗೇ!

ಸಂಚಿ ಸಂಚಿಯ ನಡುವೆ ಸಾಲವೂ ನಡೆಯುತ್ತಿತ್ತು. ಕಬ್ಬಿಗೆ ಗೊಬ್ಬರ ತರಲು ಹಾಲು ಸಾಲ ಕೊಡುವುದು. ಸಾವಿರ ರೂಪಾಯಿಗೆ ಒಂದು ಹುಣಿಸೆಬೀಜ, ಸಾಲಗಾರ ಸಂಚಿಯೊಳಗೆ. ಸಾಲ ತೀರುವವರೆಗೆ ಅತ್ತೆ ಆ ಸಂಚಿಗೆ ಮನುಷ್ಯರಿಗೆ ಬೈದ ಹಾಗೆ ಬೈಯುತ್ತಿದ್ದರು. "ಆಲು ಪಾಪ, ಮಾನ ಮರ್ವಾದೆ ಇರೋದು, ಒತ್ತೊತ್ತಿಗೆ ಬತ್ತದೆ. ಈ ಕಬ್ಬು ನೋಡು, ವರ್ಸಕ್ಕೊಂದ್ಕಿತ ಬರಾದು, ಬಂದೋಳು ಎಲ್ಲರ್ ತಾವೂ ಇಸ್ಕಂಡು ಎದ್ದೋಗಾದು!"

ನಿಮ್ಮಪ್ಪನ ಸಂಬಳ ಫೋನಿನಲ್ಲಿ ತೋರಿಸಲು ಶುರುವಾದ ತಿಂಗಳ ಕಥೆ ಕೇಳಿ.

"ಸಂಬ್ಳ ಎಲ್ಲಲಾ?" ಅಂದರು ಅತ್ತೆ.

"ಇಲ್ಲೇ ಫೋನಲ್ಲಿ ಅದೆ ಕಣಜ್ಜಿ."

"ತಗಿ ಮತ್ತೆ."

"ತಗಿಯಂಗಿಲ್ಲ. ಅಂಗಡೀಲಿ ಇದ್ನೇ ತೋರ್ಸ್ಬುಟ್ರೆ ದುಡ್ಡು ಓಯ್ತದೆ."

"ಅಂಗಾರೆ ದುಡ್ಡು ಇದ್ರೊಳ್ಗೇ ಅದೆ ಅನ್ನು."

"ಊಂ ಕಣಜ್ಜಿ."

"ಸರಿ ಬುಡು" ಅಂದವರೇ ಫೋನು ಕಿತ್ತುಕೊಂಡು ನೀಲಿ ಸಂಚಿಗೆ ಹಾಕಿ, ಲಾಡಿ ಎಳೆದು, ಸೊಂಟಕ್ಕೆ ಸಿಕ್ಕಿಸಿಕೊಂಡರು! ಆ ಭಾನುವಾರವೆಲ್ಲ ಅತ್ತೆಯ ಸೊಂಟ ಹಾಡುತ್ತಲೇ ಇತ್ತು. ಫ್ಯಾಕ್ಟರಿಯ ಮ್ಯಾನೇಜರು ಹನ್ನೆರಡು ಸಲ ಫೋನು ಮಾಡಿದನಂತೆ. ಅತ್ತೆ ಸಂಚಿಯ ಮೇಲೊಂದು ಏಟು ಹಾಕಿ, "ಕರ್ಚಾಗಕ್ಕೆ ಎಂಗ್ ಬಡ್ಕೊತದೆ ನೋಡು" ಅಂದರು. ಸೋಮವಾರ ನಿಮ್ಮಪ್ಪ ಮೊದಲ ಬಸ್ಸಿಗೇ ಮದ್ದೂರಿಗೆ ಹೋಗಿ ನೋಟು ತಂದುಕೊಟ್ಟು ಫೋನು ಬಿಡಿಸಿಕೊಂಡ.

ಇವೆಲ್ಲ ಮನೆಯೊಳಗಿನ ನಗು. ಹೊರಗೆ ಹೋದರೆ ನನಗೆ ಪ್ರಾಣಸಂಕಟ. ಮಳವಳ್ಳಿಯ ಬಟ್ಟೆ ಅಂಗಡಿಯಲ್ಲಿ ನಿಮ್ಮಮ್ಮನಿಗೆ ಸೀರೆ ತೆಗೆಯಲು ಹೋಗಿದ್ದೆವು. ಅತ್ತೆ ಗಲ್ಲಾದ ಮುಂದೆ ನಾಲ್ಕೂ ಸಂಚಿ ಸಾಲಾಗಿ ಇಟ್ಟುಕೊಂಡು ಪಂಚಾಯ್ತಿ ಶುರುಮಾಡಿದರು. "ಈ ಕಿತ ಕಬ್ಬು ಕೊಡ್ಲಿ. ಯಾಕೆ, ಅವ್ಳು ಮನೆಯೋಳಲ್ವಾ? ಏಯ್, ಬೀಜ ಎಸ್ಟವೆ ನಿನ್ ತಾವ? ಇನ್ನೂ ಮೂರಾ? ತೂ, ನಾಚ್ಕೆಗೆಟ್ಟೋಳೆ!" ಅಂಗಡಿಯವನು ನನ್ನ ಕಡೆ ತಿರುಗಿ, "ಅಮ್ಮಾ, ಅಜ್ಜಿ ಯಾರ್ನ ಬೈತಾ ಅವ್ರೆ?" ಅಂದ. ನಾನು ಏನು ಹೇಳಿದೆ ಗೊತ್ತಾ? "ಗೊತ್ತಿಲ್ಲ, ಬಸ್ಸಲ್ಲಿ ಜತೇಲಿ ಬಂದ್ರು" ಅಂದೆ! ನಮ್ಮತ್ತೆಗೆ ಅದು ಕೇಳಿಸಿತು. ಬಸ್ಸಿನಲ್ಲಿ ಊರು ಬರುವವರೆಗೆ ಅವರು ನನ್ನ ಹತ್ತಿರ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, "ಏನಮ್ಮ, ನಿಮ್ದೂ ಇದೇ ಊರಾ?" ಅಂದರು.

ಅಷ್ಟು ಸಂಚಿಗಳಲ್ಲಿ ನನ್ನದು ಅಂತ ಒಂದು ಇರಲಿಲ್ಲ. ಅದು ನನಗೆ ದೊಡ್ಡ ಕೊರತೆಯೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ನನ್ನ ತಮ್ಮನ ಮಗಳ ಮದುವೆಯಲ್ಲಿ.

ನನ್ನ ತವರು ಬಂಡೂರಿನ ಹತ್ತಿರ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯುವವರನ್ನು ನೀವೂ ನೋಡಿದ್ದೀರಿ. ಒಬ್ಬರು ಬುಕ್ಕು ಹಿಡಿದು ಕುಳಿತಿರುತ್ತಾರೆ, ನಾವು ದುಡ್ಡು ಕೊಟ್ಟರೆ ಹೆಸರು ಕೂಗಿ ಬರೆಯುತ್ತಾರೆ. ನಾಳೆ ನಮ್ಮ ಮನೆಯ ಮದುವೆಗೆ ಅವರು ಅದನ್ನು ಅದೇ ಹೆಸರಿಗೆ ತೀರಿಸಬೇಕು. ಹೊರಡುವ ಮುಂಚೆ ಅತ್ತೆಯನ್ನು ಕೇಳಿದೆ, ಎರಡು ದಿನ ಬಾಯಲ್ಲೇ ಮಾತು ಕೂಡಿಸಿಟ್ಟುಕೊಂಡು ಕೇಳಿದೆ.

"ಅತ್ತೆ, ಇದೊಂದು ಮುಯ್ಯ ನನ್ ಹೆಸ್ರಲ್ಲಿ ಬರೆಸ್ಲಾ? ಸ್ವಾದ್ರತ್ತೆ ನಾನು."

"ಮನೆ ಒಂದು, ಹೆಸ್ರು ಒಂದು" ಅಂದರು ಅತ್ತೆ. "ಇವತ್ತು ನಿನ್ ಹೆಸ್ರು, ನಾಳೀಕೆ ಅವ್ಳ ಹೆಸ್ರು. ಅಲ್ಲಿಗೆ ಬಾಗ ಆದಂಗೇ ಲೆಕ್ಕ. ಬ್ಯಾಡ."

ಭಾಗ ಅನ್ನುವ ಮಾತಿಗೇ ಅವರು ಬೆಚ್ಚುತ್ತಿದ್ದರು. ಅವರ ತವರಿನಲ್ಲಿ ಅಣ್ಣ ತಮ್ಮಂದಿರು ಬೇರೆಯಾದಾಗ ತಲೆಬಾಗಿಲು ಯಾರಿಗೆ ಅಂತ ಜಗಳವಾಗಿ, ಬಾಗಿಲನ್ನು ಗರಗಸದಲ್ಲಿ ಎರಡು ಹೋಳು ಮಾಡಿದ್ದರಂತೆ. ಮನೆಯೊಳಗೆ ಮೊದಲು ನುಗ್ಗಿದ್ದು ನಾಯಿಯಂತೆ!

ಮದುವೆಯಲ್ಲಿ ಐನೂರು ರೂಪಾಯಿ ಕೊಟ್ಟೆ. ಬುಕ್ಕು ಹಿಡಿದವರು ನಮ್ಮ ಮಾವನವರ ಹೆಸರು ಕೂಗಿದರು. ಸತ್ತು ಇಪ್ಪತ್ತು ವರ್ಷವಾದ ಮಾವನವರು ಮುಯ್ಯಿ ಮಾಡಿದರು, ಎದುರಿಗೆ ಜೀವಂತ ನಿಂತಿದ್ದ ಸೋದರತ್ತೆ ಮಾಡಲಿಲ್ಲ!

ಅದಾದ ಕೆಲವು ತಿಂಗಳಿಗೇ ಸರ್ಕಾರದವರು ಮನೆ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುತ್ತೇವೆ ಅಂದರು. ಊರಿನಲ್ಲಿ ಯಾವ ಮನೆಗೆ ಹೋದರೂ ಒಂದೇ ಮಾತು, ಯಜಮಾನಿ ಯಾರು? ರೇಷನ್ ಕಾರ್ಡಿನಲ್ಲಿ ಮೇಲ್ಗಡೆ ಯಾರ ಹೆಸರಿದೆಯೋ ಅವರೇ. ನಮ್ಮ ಕಾರ್ಡಿನಲ್ಲಿ ಅತ್ತೆಯ ಹೆಸರಿತ್ತು. ಅತ್ತೆ ಆಗಲೇ ಹೊಸ ಸಂಚಿಗೆ ಬಟ್ಟೆ ಹುಡುಕಲು ಶುರುಮಾಡಿದ್ದರು. "ಸರ್ಕಾರದ್ ದುಡ್ಡಿಗೆ ಕಾಕಿ ಬಟ್ಟೇನೇ ಆಗ್ಬೇಕು" ಅಂತ ಊರೆಲ್ಲ ಕೇಳಿದರು.

ಈಗ ಪುಟ ಹಾರಿಸಬೇಡಿ ಅಂದೆನಲ್ಲ, ಅದು ಬಂತು.

ಅತ್ತೆಗೆ ಕೊಡದೆ ನೂರು ರೂಪಾಯಿ ಮೊಟ್ಟೆಯ ದುಡ್ಡು ಇಟ್ಟುಕೊಂಡು, ಕಾರ್ಡು ಸೆರಗಿನಲ್ಲಿ ಮುಚ್ಚಿಕೊಂಡು, ತವರಿಗೆ ಹೋಗುತ್ತೇನೆ ಅಂತ ಸುಳ್ಳು ಹೇಳಿ, ಕಾರ್ಡಿನ ಅರ್ಜಿ ಹಾಕಿಕೊಡುವ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿದ್ದವನು ಕಾರ್ಡು ನೋಡಿ, "ದೊಡ್ಡೋರು ಇರೋವರ್ಗೂ ನಿಮ್ ಹೆಸ್ರು ಮೇಲಕ್ಕೆ ಬರಾಕಿಲ್ಲ ಕಣಮ್ಮ" ಅಂದ. ಅಷ್ಟಕ್ಕೇ ಎದ್ದು ಬರಬಹುದಿತ್ತು. ಎದ್ದೆನೇ? ಇಲ್ಲ. ಅವನೇ ಮತ್ತೆ, "ಅಜ್ಜಿ ಮನೆ ಬುಟ್ಟು ಬ್ಯಾರೆ ಕಡೆ ಅವ್ರೆ ಅಂತ ಆಕಿ ಹೆಸ್ರು ತೆಗಿಲಾ?" ಅಂದ. ಹಿಂದೆ ನಾಲ್ಕು ಜನ ನಿಂತಿದ್ದರು. "ಆಕ್ಲಾ ಬ್ಯಾಡ್ವಾ, ಬಿರ್ರನ್ ಯೋಳಮ್ಮ" ಅಂದ.

ನಾನು ತಲೆ ಆಡಿಸಿದೆ. ಬಾಯಿ ಬಾರದವಳು ಅಂತ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಬೇಡ ಅಂತಲೂ ತಲೆ ಆಡಿಸಬಹುದಿತ್ತಲ್ಲ?

ಮುಂದಿನ ತಿಂಗಳು ಅಕ್ಕಿ ತರಲು ಅತ್ತೆ ಯಾವಾಗಿನ ಹಾಗೆ ತಾವೇ ಮುಂದೆ ಹೋಗಿ ಸಾಲಿನಲ್ಲಿ ನಿಂತರು. ಚೀಲ ಹಿಡಿದು ಹಿಂದೆ ನಾನು. ರೇಷನ್ ಡಿಪೋದವನ ಮಿಷನ್ನಿನ ಮೇಲೆ ಹೆಬ್ಬೆಟ್ಟು ಒತ್ತಿದರು. ಬರಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದರು.

"ಅಜ್ಜಿ, ನಿಮ್ ಹೆಸ್ರೇ ಇಲ್ವಲ್ಲ! ಮನೆ ಬುಟ್ಟೋಗವ್ರೆ ಅಂತ ಬಂದದೆ. ಈಗ ಯಜಮಾನಿ ನಿಮ್ ಸೊಸೆ" ಅಂದ ಅವನು. "ಯಾರ್ ಬರೆಸಿದ್ದು? ಸುಳ್ಳು ಬರೆಸಿದ್ರೆ ವಿಚಾರ್ಸಕ್ಕೆ ಬತ್ತಾರೆ, ಗೊತ್ತಾ?"

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅತ್ತೆಯೂ ತಿರುಗಿದರು. ನನ್ನ ಮುಖ ಹೇಗಿತ್ತೋ! ಭೂಮಿ ಬಾಯಿ ಬಿಟ್ಟಿದ್ದರೆ ಚೀಲದ ಸಮೇತ ಇಳಿದುಬಿಡುತ್ತಿದ್ದೆ. ಅತ್ತೆ ಒಂದು ಗಳಿಗೆ ನೋಡಿದರು. ಆಮೇಲೆ ಡಿಪೋದವನಿಗೆ ಹೇಳಿದರು:

"ನಾನೇ ಕಣ್ಲಾ ಬರೆಸಿದ್ದು. ಸಾಕಾಯ್ತು ಇವರ್ ಜತೆ. ನಾ ಬ್ಯಾರೆ ಓಗಿವ್ನಿ, ಏನಿವಾಗ?"

ಮನೆಗೆ ಬಂದು ನಿಜವಾಗಲೂ ಬೇರೆಯಾಗಿಬಿಟ್ಟರು! ಕೊಟ್ಟಿಗೆಯ ಪಕ್ಕದ ಸೌದೆ ಕೋಣೆಯಲ್ಲಿ ಮೂರು ಕಲ್ಲು ಹೂಡಿದರು. ಸಂಚಿಗಳನ್ನೆಲ್ಲ ಸೊಂಟದಿಂದ ಬಿಚ್ಚಿ ನನ್ನ ಮಡಿಲಿಗೆ ಹಾಕಿದರು. ಚಿಕ್ಕತಾತ ಕಣ್ಣಲ್ಲಿ ನೀರು ತಂದುಕೊಂಡ. "ಅವ್ವ, ಊರ್ನೋರು ನನ್ ಮಕಕ್ಕೆ ಉಗಿತಾರೆ ಕಣವ್ವ!" "ಉಗುದ್ರೆ ಒರೆಸ್ಕೊ. ಕಾಗ್ದ ಆಗೋಗದೆ" ಅಂದರು ಅತ್ತೆ.

ಎಂಟು ಜನರಲ್ಲಿ ಒಬ್ಬರ ಪಾಲು ತಮ್ಮದು ಅಂದರು. ರಾಗಿ, ಉಪ್ಪು, ಮೆಣಸಿನಕಾಯಿ ಎಲ್ಲವನ್ನೂ ಸೇರಿನಲ್ಲಿ ಅಳೆದು ಎಂಟರಲ್ಲೊಂದು ಪಾಲು ತೆಗೆದುಕೊಂಡರು. ಮನೆಯಲ್ಲಿದ್ದ ಸೌಟು ಎರಡೇ. ಎರಡು ಸೌಟಿನಲ್ಲಿ ಎಂಟನೇ ಒಂದು ಪಾಲು ಅಂದರೆ ಎಷ್ಟು? ಒಂದು ಸೌಟಿನ ಕಾಲು ಭಾಗ! ಬಾಗಿಲಿನ ಹಾಗೆ ಕುಯ್ಯುವುದು ಬೇಡ ಅಂತ ಅವರೇ ತೀರ್ಮಾನ ಮಾಡಿದರು. ನಾಲ್ಕು ದಿನಕ್ಕೊಮ್ಮೆ ಒಂದು ಸೌಟು ಅವರ ಮನೆಗೆ ಹೋಗಿಬರುತ್ತಿತ್ತು. ಹಿತ್ತಲಿನ ಕರಿಬೇವು ಕಿತ್ತರೆ ನಮ್ಮ ಹೊಸ್ತಿಲ ಮೇಲೆ ಎರಡು ರೂಪಾಯಿ ಇಟ್ಟು ಹೋಗುತ್ತಿದ್ದರು. ಎರಡೂ ಮನೆಯಲ್ಲಿ ಉಂಡವರು ನೀವಿಬ್ಬರೇ. "ಯಾರ್ ಮನೆ ಮಕ್ಳೋ ಏನೋ, ಒಟ್ಟೆ ಅಸ್ಕಂಡು ಬಂದವೆ" ಅಂತ ನಿಮಗೆ ತುಪ್ಪ ಹೆಚ್ಚು ಹಾಕುತ್ತಿದ್ದರು. ನೆನಪಿದೆಯಾ?

ಇತ್ತ ಯಜಮಾನಿಯ ಆಡಳಿತ ಹೇಗಿತ್ತು? ನಾಲ್ಕೇ ದಿನಕ್ಕೆ ಸಂಚಿಗಳೆಲ್ಲ ಕೈಕೊಟ್ಟವು. ಬೂಸಾಕ್ಕೆ ಎತ್ತಿಟ್ಟಿದ್ದ ದುಡ್ಡನ್ನು ಕೇಬಲ್ಲಿನವನಿಗೆ ಕೊಟ್ಟುಬಿಟ್ಟೆ. ಹಸುಗಳು ಬರೀ ಹುಲ್ಲು ಮೆಂದು ಹಾಲು ಇಳಿಸಿದವು, ಟಿವಿ ಮಾತ್ರ ಬಹಳ ಚೆನ್ನಾಗಿ ಬಂತು! ಗೋಣಿ ಸಂಚಿಯಲ್ಲಿ ಐದು ಬೀಜ ಸಿಕ್ಕವು. ಸಾಲ ಹಾಲಿನದೋ ಚಡ್ಡಿಯದೋ ಯಾರಿಗೆ ಗೊತ್ತು? ಸೌದೆ ಕೋಣೆಯ ಬಾಗಿಲಿಗೆ ಹೋಗಿ ಕೇಳಿದೆ. "ನಿಮ್ಮನೆ ಬದುಕು ನಂಗ್ಯಾಕಮ್ಮ? ನಾ ಬ್ಯಾರೆಯೋಳು" ಅಂದರು. ಅದರಲ್ಲಿ ಕೋಪ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಕಷ್ಟವಾಯಿತು.

ಆ ಎರಡು ಸಾವಿರ ಬಂತೇ ಅಂತ ಕೇಳುತ್ತೀರಾ? ಬರಲೇ ಇಲ್ಲ!

ಮನೆಯವರೆಲ್ಲ ಸೇರಿ ಅಜ್ಜಿಗೆ ಅರಳುಮರಳು ಅಂತ ತೀರ್ಮಾನಿಸಿದರು. "ಎಂಬತ್ತೈದು ದಾಟ್ತಲ್ಲ, ತಲೆ ನಿಲ್ಲಾಕಿಲ್ಲ" ಅಂದಳು ಚಿಕ್ಕಜ್ಜಿ. ನಾನು ಅಲ್ಲೇ ಸೊಪ್ಪು ಬಿಡಿಸುತ್ತಾ ಕುಳಿತಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಒಂಬತ್ತನೇ ದಿನ ನಿಮ್ಮಪ್ಪ ಅವರನ್ನು ಮಂಡ್ಯಕ್ಕೆ, ತಲೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಜತೆಗೆ ನಾನು.

ಡಾಕ್ಟರು ಒಳ್ಳೆಯವರು. ಮೆತ್ತಗೆ ಕೇಳಿದರು, "ಅಜ್ಜಿ, ನೂರರಲ್ಲಿ ಏಳು ಕಳೆದರೆ ಎಷ್ಟು?"

"ತೊಂಬತ್ಮೂರು."

"ಅದರಲ್ಲಿ ಏಳು?"

"ಎಂಬತ್ತಾರು. ಆಮ್ಯಾಕೆ ಎಪ್ಪತ್ತೊಂಬತ್ತು, ಆಮ್ಯಾಕೆ ಎಪ್ಪತ್ತೆರಡು. ಅಲ್ಲ ಕಣಪ್ಪ, ಇಂಗೆ ಏಳೇಳು ಯಾರ್ಗೆ ಕೊಡ್ತಾ ಇದ್ದೀಯ? ಬರಕಂಡಿದ್ದೀಯಾ?"

ಡಾಕ್ಟರು ನಕ್ಕುಬಿಟ್ಟರು. ನಿಮ್ಮಪ್ಪನೂ ನಕ್ಕ. ಆದರೂ ಡಾಕ್ಟರು ಅಲ್ಲೇ ಕೇಳಿದರು, "ಮತ್ತೆ ಮನೆ ಬಿಟ್ಟು ಯಾಕೆ ಬೇರೆ ಅಡುಗೆ ಮಾಡ್ಕೋತೀರಿ ಅಜ್ಜಿ?" ಅತ್ತೆ ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. "ವಯಸ್ಸಾಯ್ತಲ್ಲಪ್ಪ, ಬುದ್ದಿ ಕೆಟ್ಟದೆ" ಅಂದರು.

ಜಗತ್ತಿನಲ್ಲಿ ಯಾರ ಮುಂದೆಯೂ ಒಂದು ರೂಪಾಯಿಯಷ್ಟೂ ಸೋಲದವರು ನನಗೋಸ್ಕರ ತಮ್ಮ ಬುದ್ಧಿಯನ್ನೇ ಬಿಟ್ಟುಕೊಟ್ಟರು. ನಾನು ಪಕ್ಕದ ಕುರ್ಚಿಯಲ್ಲಿ ಅವರ ಚಪ್ಪಲಿ ನೋಡುತ್ತಾ ಕುಳಿತಿದ್ದೆ.

ಊರಿಗೆ ಬಂದ ಮೇಲೆ, ಇನ್ನೂ ಬೆಳಕಿರುವಾಗಲೇ, ಸೌದೆ ಕೋಣೆಗೆ ಹೋಗಿ ಅವರ ಒಲೆಯ ಮುಂದೆ ಕುಳಿತೆ.

"ಅತ್ತೆ, ಕಾರ್ಡಲ್ಲಿ ಅಂಗೆ ಬರೆಸ್ದೋಳು ನಾನು."

ಮುದ್ದೆ ತೊಳಸುತ್ತಿದ್ದರು. ತಿರುಗಲಿಲ್ಲ. "ಗೊತ್ತು ಕಣಮ್ಮಿ. ಮೊಟ್ಟೆ ದುಡ್ಡಲ್ಲಿ ನೂರ್ರುಪಾಯಿ ಕಮ್ಮಿ ಇತ್ತು."

"ಮತ್ಯಾಕೆ ನಿಮ್ ಮ್ಯಾಲೆ ಆಕ್ಕಂಡ್ರಿ?"

"ಅಸ್ಟು ಜನದ್ ಮುಂದೆ ನಿನ್ ಮಕ ನೋಡ್ದೆ. ಉಪ್ಪು ಕೇಳಕ್ಕೇ ನಾಚ್ಕಳೋಳು ನೀನು. ಅಲ್ಲೇ ಪ್ರಾಣ ಬುಡ್ತಿದ್ದೆ."

"ಬ್ಯಾರೆ ಒಲೆ ಯಾಕೆ ಊಡುದ್ರಿ ಅತ್ತೆ?"

"ವಿಚಾರ್ಸಕ್ಕೆ ಬತ್ತಾರೆ ಅಂದ್ನಲ್ಲ ಅವ್ನು. ಬಂದು ನೋಡ್ದಾಗ ಕಾಗ್ದ ದಿಟ ಆಗಿರ್ಬೇಕಲ್ಲ? ಇಲ್ದಿದ್ರೆ ನಿನ್ನ ಇಡ್ಕೊಂಡೋಗಾಕಿಲ್ವಾ?"

ಒಂಬತ್ತು ದಿನ! ಯಾವನೋ ಬಂದು ನೋಡಿದರೆ ನಾನು ಸುಳ್ಳಿಯಾಗಬಾರದು ಅಂತ, ಭಾಗ ಅನ್ನುವ ಮಾತಿಗೇ ಬೆಚ್ಚುತ್ತಿದ್ದವರು ಒಂಟಿಯಾಗಿ ಹೊಗೆ ಕುಡಿದಿದ್ದರು. ನಾನು ಅಳತೊಡಗಿದೆ. ಅವರು ಮುದ್ದೆ ಕಟ್ಟಿ ಎರಡು ತಟ್ಟೆಗೆ ಇಟ್ಟರು. ಆಮೇಲೆ ಬೇರೆ ಎಲ್ಲೋ ನೋಡುತ್ತಾ ಹೇಳಿದರು:

"ಮುಯ್ಯಲ್ಲಿ ನಿನ್ ಹೆಸ್ರು ಕೂಗ್ನಿಲ್ಲ, ಅದ್ಕೇ ತಾನೆ? ನಂಗೂ ಯಾರೂ ಕೂಗ್ನಿಲ್ಲ ಕಣಮ್ಮಿ. ಮೊದ್ಲು ನಮ್ ಮಾವುನ್ ಹೆಸ್ರು, ಆಮ್ಯಾಕೆ ಗಂಡನ್ ಹೆಸ್ರು. ಅದೇ ಸರಿ ಅನ್ಕಂಡೆ. ಆ ಕಾರ್ಡು ಒಂದ್ರಲ್ಲೇ ನನ್ ಹೆಸ್ರು ಮೇಲ್ಗಡೆ ಇದ್ದುದ್ದು." ಸಾರು ಬಡಿಸಿದರು. "ಓಗ್ಲಿ ಬುಡು. ಉಣ್ಣು, ಆರೋಯ್ತದೆ."

ನಾನು ಎರಡು ಸಾವಿರ ಕದ್ದೆ ಅಂದುಕೊಂಡಿದ್ದೆ. ಕದ್ದದ್ದು ಅದನ್ನಲ್ಲ.

ಮಾರನೆಯ ದಿನವೇ ಹೋಗಿ ಅವರ ಹೆಸರು ಸೇರಿಸಲು ಅರ್ಜಿ ಕೊಟ್ಟು ಬಂದೆ. ನನ್ನ ಹಿಂದೆ ಎಷ್ಟು ಜನ ನಿಂತಿದ್ದರೋ ಈ ಸಲ ನೋಡಲಿಲ್ಲ. ಸೌದೆ ಕೋಣೆಯ ಮೂರು ಕಲ್ಲು ನಾನೇ ಎತ್ತಿ ಹಾಕಿದೆ. ಆ ವಾರವೇ ಅತ್ತೆ ನನ್ನನ್ನು ಹೊರಡಿಸಿಕೊಂಡು ನನ್ನ ತವರಿಗೆ ಬಂದರು. ಮದುವೆಯಾದ ಹುಡುಗಿ 'ಅತ್ತೆ' ಅಂತ ನನ್ನ ಕಾಲಿಗೆ ಬಿದ್ದರೆ, ನಮ್ಮತ್ತೆ ಅವಳ ಅಪ್ಪನಿಗೆ "ಮುಯ್ಯ ಬುಕ್ಕು ತಗಿ" ಅಂದರು.

"ಮುಯ್ಯಿ ಎಲ್ಲ ಮುಗ್ದೋಗದೆ ಅತ್ತೆ, ನೀವು ಆಕಿದ್ದೀರಲ್ಲ" ಅಂದ ನನ್ನ ತಮ್ಮ.

"ಅದು ಮನೇದು. ಇದು ಬ್ಯಾರೆ. ನಿಮ್ಮಕ್ಕನ್ ಹೆಸ್ರಲ್ಲಿ ಐನೂರು ಬರಿ. ಕೂಗ್ಬುಟ್ಟು ಬರಿ."

ತಮ್ಮ ನಗುತ್ತಾ ಕೂಗಿ ಬರೆದ. ಅಂಗಳದಲ್ಲಿ ಕುರಿಗಳ ಹೊರತು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ನಾನು ಬಾಯಿ ಬಿಟ್ಟೆ. "ಅಂಗಲ್ಲ ಕಣ್ಲಾ. ಇನ್ನೂರೈವತ್ತು ನಂದು. ಇನ್ನೂರೈವತ್ತು ನಮ್ಮತ್ತೇದು. ಅವರ್ ಹೆಸ್ರೂ ಕೂಗು."

ಅವನು ಕೂಗಿದ. ನಮ್ಮತ್ತೆ ತಮ್ಮ ಹೆಸರು ಕೇಳಿ, ಕರೆದವರು ಯಾರು ಅನ್ನುವ ಹಾಗೆ ಒಂದು ಸಲ ಬಾಗಿಲ ಕಡೆ ತಿರುಗಿದರು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊಸ ಮದುವಣಗಿತ್ತಿಯ ಹಾಗೆ ನೆಲ ನೋಡಿದರು. ನಾಚಿಕೆ ನನ್ನೊಬ್ಬಳದೇ ಸ್ವತ್ತು ಅಂದುಕೊಂಡಿದ್ದೆ.

ನಡೆದದ್ದನ್ನು ಮನೆಯಲ್ಲಿ ಹೇಳಿಬಿಡುತ್ತೇನೆ ಅಂದೆ. "ಯಾಕೆ? ಒಂಬತ್ ದಿನದ್ ಕರ್ಚು ಇನ್ನೊಂದ್ಕಿತ ಮಾಡಕ್ಕಾ?" ಅಂತ ಗದರಿಸಿದರು. ಅದನ್ನೇ ನೆಪ ಮಾಡಿಕೊಂಡು ನಾನು ಬಾಯಿ ಮುಚ್ಚಿಕೊಂಡೆ. ಅವರು ಹೋಗಿ ಎರಡು ವರ್ಷವಾಯಿತು. ಮೊನ್ನೆ ತಿಥಿಯ ದಿನ ಊಟಕ್ಕೆ ಕುಳಿತಾಗ ನಿಮ್ಮ ಚಿಕ್ಕತಾತ, ಅರಳುಮರಳಾಗಿ ಅವ್ವ ಸೌಟು ಪಾಲು ಕೇಳಿದ ಕಥೆ ಹೇಳಿದ. ಪಂಕ್ತಿಯೆಲ್ಲ ನಕ್ಕಿತು. ಬಡಿಸುತ್ತಿದ್ದ ನಾನೂ ಸೆರಗು ಬಾಯಿಗೆ ಹಿಡಿದು ನಕ್ಕೆ ಮಕ್ಕಳೇ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಎದುರು ನಿಂತು ಹೇಳುವ ಧೈರ್ಯ ನನಗೆ ಇವತ್ತೂ ಇಲ್ಲ. ಅದಕ್ಕೆ ನೀವು ಮೊದಲು ಓದಿ, ಆಮೇಲೆ ನಿಮ್ಮಪ್ಪನಿಗೂ ಚಿಕ್ಕತಾತನಿಗೂ ಓದಿ ಹೇಳಿ. ನನ್ನ ಮೇಲೆ ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ, ನಾನು ಒಳಗೇ ಇರುತ್ತೇನೆ. ಓದಿದ ಮೇಲೆ ಈ ಹಾಳೆಗಳನ್ನು ಬಿಸಾಡಬೇಡಿ, ಜೋಪಾನವಾಗಿಡಿ. ನಮ್ಮತ್ತೆಯ ಬುದ್ಧಿ ಕೊನೆಯವರೆಗೂ ಸರಿಯಾಗಿತ್ತು ಅನ್ನುವುದಕ್ಕೆ ಬೇರೆ ಯಾವ ಕಾಗದವೂ ಇಲ್ಲ.